ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗೆ ಏನಾಯಿತು ಅಂತ ಹುಡುಕುವುದು ಹೇಗೆ?

"ನಮ್ಮ ಅಜ್ಜನ ತಮ್ಮ ಯುದ್ಧದಲ್ಲಿ ವಿಮಾನ ಓಡಿಸುತ್ತಿದ್ದರಂತೆ, ವಾಪಸ್ ಬರಲೇ ಇಲ್ಲ, ಎಲ್ಲಿಂದ ಹುಡುಕಲಿ?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಕೆಲವರಿಗೆ ಇದು ಮನೆಯ ಸಂಗತಿ. ಇನ್ನು ಕೆಲವರಿಗೆ ಇತಿಹಾಸದ ಹುಚ್ಚು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದುಬಿಡುತ್ತೇನೆ. ಎರಡನೇ ಮಹಾಯುದ್ಧದ ವಿಷಯ ಇದರಲ್ಲಿ ಜಾಸ್ತಿ ಇದೆ, ಯಾಕೆಂದರೆ ಕಾಣೆಯಾದವರೂ ಆಗಲೇ ಜಾಸ್ತಿ, ತೆರೆದಿಟ್ಟ ಕಾಗದಗಳೂ ಆ ಯುದ್ಧದ್ದೇ ಜಾಸ್ತಿ. ಅಮೆರಿಕದ ಲೆಕ್ಕದಲ್ಲಿ ಎಲ್ಲ ಯುದ್ಧ ಸೇರಿ ಇವತ್ತಿಗೂ ಸಿಗದ ಅಮೆರಿಕನ್ನರು ಸುಮಾರು 81,000 ಮಂದಿ. ಅದರಲ್ಲಿ 70,000ಕ್ಕೂ ಹೆಚ್ಚು ಎರಡನೇ ಮಹಾಯುದ್ಧದವರು. ಇದು ಪೈಲಟ್‌ಗಳ ಲೆಕ್ಕ ಮಾತ್ರ ಅಲ್ಲ, ನಾವಿಕರು, ಕಾಲಾಳುಗಳು ಎಲ್ಲರೂ ಸೇರಿದ್ದಾರೆ.

ಹುಡುಕಲು ಹೊರಡುವವರು ಸಾಮಾನ್ಯವಾಗಿ ತಮ್ಮ ಕಡೆಯ ವಾಯುಪಡೆಯ ಕಾಗದಗಳನ್ನು ಮಾತ್ರ ನೋಡಿ ಕೈಚೆಲ್ಲುತ್ತಾರೆ. ಆದರೆ ಪೈಲಟ್‌ನ ಸ್ವಂತ ಪಡೆಗೆ ಗೊತ್ತಿರುವುದು ಜೊತೆಯವರು ಕೊನೆಯ ಸಲ ಕಂಡ ಕ್ಷಣದವರೆಗೆ ಮಾತ್ರ ಅಲ್ವಾ? ಆಮೇಲಿನದ್ದನ್ನು ಕಂಡವರು ಹೊಡೆದುರುಳಿಸಿದವರು, ವಿಮಾನ ಬಿದ್ದ ಊರಿನವರು, ಹೆಣ ಹೂಳಿದವರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಭಾರತದ ಮಿಸ್ಟೇರ್ ಯುದ್ಧವಿಮಾನಗಳಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದ್ದು ಮರಳಲಿಲ್ಲ. ನಮ್ಮ ಕಡೆ ಅವರು "ಕಾಣೆ", ಅಷ್ಟೇ. ತಮಗಿಂತ ಬಹಳ ವೇಗದ ಸ್ಟಾರ್‌ಫೈಟರ್ ಜೆಟ್ ಒಂದರ ಜೊತೆ ಕಾದಾಡಿ ಅದನ್ನೂ ಉರುಳಿಸಿದ್ದರು ಅನ್ನುವುದು ಗೊತ್ತಾಗಿದ್ದು ವರ್ಷಗಳ ನಂತರ, ಪಾಕಿಸ್ತಾನದ ಕಡೆಯ ವಿವರ ಹೊರಬಿದ್ದಾಗ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಹಾಗಾಗಿ ಕೆಳಗಿನ ಹಂತಗಳಲ್ಲಿ ಐದನೆಯದನ್ನು ಯಾವ ಕಾರಣಕ್ಕೂ ಹಾರಿಸಬೇಡಿ.

ಮೊದಲು ಕೆಲವು ಪದಗಳು

ದಾಖಲೆಗಳಲ್ಲಿ ಎಂಐಎ ಅಂತ ಕಂಡರೆ ಕಾರ್ಯಾಚರಣೆಯಲ್ಲಿ ಕಾಣೆ, ಕೆಐಎ ಅಂದರೆ ಕಾರ್ಯಾಚರಣೆಯಲ್ಲಿ ಸಾವು, ಪಿಒಡಬ್ಲ್ಯು ಅಂದರೆ ಯುದ್ಧಕೈದಿ. ಕೆಐಎ ಪಕ್ಕದಲ್ಲಿ ಬಿಎನ್‌ಆರ್ ಅಂತ ಇದ್ದರೆ ಸಾವು ಖಚಿತ, ದೇಹ ಸಿಕ್ಕಿಲ್ಲ ಅಂತ. ಬ್ರಿಟಿಷ್ ಕಾಗದಗಳಲ್ಲಿ ಎಫ್‌ಟಿಆರ್ ಅಂತ ಬರುತ್ತದೆ, ಅಂದರೆ ವಿಮಾನ ಮರಳಲಿಲ್ಲ.

ಇವು ಸತ್ಯದ ಕೊನೆಯ ಮಾತಲ್ಲ. ಆಯಾ ದಿನ ಕಚೇರಿಗೆ ಎಷ್ಟು ಗೊತ್ತಿತ್ತೋ ಅಷ್ಟನ್ನು ಹೇಳುತ್ತವೆ. ಅಮೆರಿಕದ ನೌಕಾಪಡೆ ಪೈಲಟ್ ಸ್ಕಾಟ್ ಸ್ಪೈಕರ್ ಇರಾಕ್ ಮೇಲೆ ಬಿದ್ದಿದ್ದು 1991ರ ಜನವರಿ 17ರಂದು, ಕೊಲ್ಲಿ ಯುದ್ಧದ ಮೊದಲ ರಾತ್ರಿ. ಆ ವರ್ಷವೇ ಸತ್ತವರ ಪಟ್ಟಿಗೆ ಸೇರಿಸಿದರು. 2001ರಲ್ಲಿ ಕಾಣೆಯಾದವರು ಅಂತ ಬದಲಿಸಿದರು, 2002ರಲ್ಲಿ ಸೆರೆ ಸಿಕ್ಕಿರಬಹುದು ಅಂತ ಮತ್ತೆ ಬದಲಿಸಿದರು. 2009ರಲ್ಲಿ ಅನ್ಬರ್ ಮರುಭೂಮಿಯಲ್ಲಿ ಅವಶೇಷ ಸಿಕ್ಕಿತು. ವಿಮಾನ ಬಿದ್ದ ಜಾಗದ ಹತ್ತಿರವೇ ಅಲೆಮಾರಿ ಬೆದೂಯಿನ್ ಜನ ಅವರನ್ನು ಹೂತಿದ್ದರು. ಪಟ್ಟಿ ಇಷ್ಟೆಲ್ಲ ಬದಲಾಗುತ್ತಿದ್ದಾಗಲೂ ಅವರು ಆ ಮರಳಲ್ಲೇ ಇದ್ದರು.

ಈಗ ಹಂತಗಳಿಗೆ ಬರೋಣ.

1. ಮನೆಯಲ್ಲಿರುವುದನ್ನು ಮೊದಲು ಒಟ್ಟು ಮಾಡಿ

ಬೇಕಾಗಿರುವುದು ಐದು ಸಂಗತಿ: ಪೂರ್ತಿ ಹೆಸರು, ಸರ್ವಿಸ್ ನಂಬರ್, ಸ್ಕ್ವಾಡ್ರನ್ (ಅವರಿದ್ದ ವಾಯುಪಡೆಯ ತುಕಡಿ), ಕಾಣೆಯಾದ ದಿನಾಂಕ, ವಿಮಾನದ ಸೀರಿಯಲ್ ನಂಬರ್. ಐದೂ ಒಟ್ಟಿಗೆ ಯಾರ ಮನೆಯಲ್ಲೂ ಸಿಗುವುದಿಲ್ಲ. ಮೊದಲ ಎರಡು ಸಿಕ್ಕರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೆಸರಿಗಿಂತ ಸರ್ವಿಸ್ ನಂಬರ್ ಮುಖ್ಯ. ಒಂದೇ ಹೆಸರಿನ ಹತ್ತು ಜನ ಇರಬಹುದು, ಒಂದೇ ವಾಯುಪಡೆಯಲ್ಲಿ ಆ ನಂಬರ್ ಒಬ್ಬರದ್ದೇ.

ಹಳೆಯ ಟೆಲಿಗ್ರಾಂ, ಪತ್ರ, ಪದಕದ ಡಬ್ಬಿ, ಲಾಗ್‌ಬುಕ್ (ಪೈಲಟ್ ತನ್ನ ಪ್ರತಿ ಹಾರಾಟವನ್ನೂ ಬರೆದಿಡುವ ಪುಸ್ತಕ), ಫೋಟೋಗಳ ಹಿಂಭಾಗ, ಎಲ್ಲ ನೋಡಿ. ಫೋಟೋದಲ್ಲಿ ವಿಮಾನದ ಮೈಮೇಲೆ ದೊಡ್ಡ ಅಕ್ಷರ ಕಂಡರೆ ಅದು ಸ್ಕ್ವಾಡ್ರನ್ ಗುರುತು. ಬಾಲದ ಹತ್ತಿರ ಚಿಕ್ಕದಾಗಿ ಇರುವುದು ಸಾಮಾನ್ಯವಾಗಿ ಸೀರಿಯಲ್ ನಂಬರ್. ವಾಯುಪಡೆಯಿಂದ ಬಂದ ಪತ್ರದ ಮೂಲೆಯಲ್ಲಿ ಫೈಲ್ ನಂಬರ್ ಇರುತ್ತದೆ, ಅದನ್ನು ಹಾಗೇ ಬರೆದುಕೊಳ್ಳಿ. ಬ್ರಿಟಿಷ್ ಪತ್ರವಾದರೆ ಪಿ4 ಅಂತ ಶುರುವಾಗುವ ಉಲ್ಲೇಖ ಇರಬಹುದು. ಅದು ಸಾವುನೋವಿನ ವಿಭಾಗದ ಫೈಲ್, ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಎಚ್ಚರ: ಟೆಲಿಗ್ರಾಂ ಮೇಲಿನ ದಿನಾಂಕ ಅದನ್ನು ಕಳಿಸಿದ ದಿನ, ವಿಮಾನ ಬಿದ್ದ ದಿನ ಅಲ್ಲ. ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಯನ್ನೂ ಬರೆದಿಟ್ಟುಕೊಳ್ಳಿ, ಆದರೆ ಬೇರೆ ಪುಟದಲ್ಲಿ. ಕಥೆ ಮತ್ತು ದಾಖಲೆ ಒಂದೇ ಪುಟದಲ್ಲಿ ಬೆರೆತರೆ ಆಮೇಲೆ ಬಿಡಿಸುವುದು ಕಷ್ಟ.

2. ಸ್ಮಾರಕದ ಪಟ್ಟಿ ನೋಡಿ

ಬ್ರಿಟನ್, ಭಾರತ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯಿಂದ ಹೋರಾಡಿದವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ಹುಡುಕಿ, ದುಡ್ಡು ಕೊಡಬೇಕಿಲ್ಲ. ಸಮಾಧಿ ಇಲ್ಲದವರ ಹೆಸರು ಸ್ಮಾರಕದ ಗೋಡೆ ಮೇಲಿರುತ್ತದೆ. ಬ್ರಿಟನ್ನಿನಿಂದ, ಪಶ್ಚಿಮ ಮತ್ತು ಉತ್ತರ ಯುರೋಪಿನ ನೆಲೆಗಳಿಂದ ಹಾರಿ ಕಾಣೆಯಾದ ವಾಯುಪಡೆಯವರು ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದಲ್ಲಿದ್ದಾರೆ, ಅಲ್ಲಿ 20,000ಕ್ಕೂ ಹೆಚ್ಚು ಹೆಸರು. ಆಗ್ನೇಯ ಏಷ್ಯಾದಲ್ಲಿ ಕಾಣೆಯಾದವರು ಸಿಂಗಪುರ ಸ್ಮಾರಕದಲ್ಲಿ. ಮೆಡಿಟರೇನಿಯನ್ ಕಡೆಯವರು ಮಾಲ್ಟಾ ಅಥವಾ ಈಜಿಪ್ಟಿನ ಅಲ್ ಅಲಮೈನ್‌ನಲ್ಲಿ. ಯಾವ ಗೋಡೆ ಅನ್ನುವುದೇ ಯಾವ ರಣರಂಗ ಅಂತ ಹೇಳಿಬಿಡುತ್ತದೆ.

ಅಮೆರಿಕದವರಾದರೆ ಅಮೆರಿಕನ್ ಯುದ್ಧ ಸ್ಮಾರಕ ಆಯೋಗದ ಪಟ್ಟಿ ಇದೆ. ಫಿಲಿಪೀನ್ಸಿನ ಮನಿಲಾದಲ್ಲಿರುವ ಅಮೆರಿಕನ್ ಸ್ಮಾರಕದ ಗೋಡೆಗಳ ಮೇಲೆ 36,000ಕ್ಕೂ ಹೆಚ್ಚು ಹೆಸರುಗಳಿವೆ. ಹೆಸರಿನ ಪಕ್ಕ ಚಿಕ್ಕ ಹೂವಿನಂಥ ಗುರುತು ಇದ್ದರೆ ಆ ವ್ಯಕ್ತಿ ಆಮೇಲೆ ಸಿಕ್ಕಿದ್ದಾರೆ, ಗುರುತೂ ಪತ್ತೆಯಾಗಿದೆ ಅಂತ ಅರ್ಥ.

ಇಲ್ಲಿ ತುಂಬ ಜನ ಬೀಳುವ ಗುಂಡಿ ಒಂದಿದೆ. ಅಮೆರಿಕದ ಕಾಣೆಯಾದವರ ಸಾವಿನ ದಿನಾಂಕ ಎಷ್ಟೋ ಸಲ ನಿಜವಾದ ದಿನಕ್ಕಿಂತ ಒಂದು ವರ್ಷ ಒಂದು ದಿನ ತಡ ಇರುತ್ತದೆ. ಸುಳಿವಿಲ್ಲದೆ ಒಂದು ವರ್ಷ ಕಳೆದ ಮೇಲೆ ಕಾನೂನಿನ ಪ್ರಕಾರ ಸತ್ತರು ಅಂತ ತೀರ್ಮಾನಿಸುತ್ತಿದ್ದರು, ಅದೇ ದಿನ ಕಲ್ಲಿನ ಮೇಲೆ ಬಂತು. ಆ ತಾರೀಕಿನಲ್ಲಿ ಸ್ಕ್ವಾಡ್ರನ್ ದಾಖಲೆ ತೆಗೆದು ನೋಡಿದರೆ ಏನೂ ಸಿಗುವುದಿಲ್ಲ. ಒಂದು ವರ್ಷ ಹಿಂದಕ್ಕೆ ಹೋಗಿ ನೋಡಿ.

3. ಸ್ಕ್ವಾಡ್ರನ್ನಿನ ದಿನಚರಿ ಓದಿ

ಬ್ರಿಟಿಷ್ ವಾಯುಪಡೆಯ ಪ್ರತಿ ಸ್ಕ್ವಾಡ್ರನ್ ಕಾರ್ಯಾಚರಣೆ ದಾಖಲೆ ಪುಸ್ತಕ ಅಂತ ಇಡುತ್ತಿತ್ತು. ಇದನ್ನು ಒಆರ್‌ಬಿ ಅನ್ನುತ್ತಾರೆ. ಇದರಲ್ಲಿ ಎರಡು ಭಾಗ. ಫಾರ್ಮ್ 540 ದಿನದ ಸಾರಾಂಶ, ಫಾರ್ಮ್ 541ರಲ್ಲಿ ಯಾವ ವಿಮಾನ, ಯಾರು ಯಾರು, ಎಷ್ಟು ಹೊತ್ತಿಗೆ ಹೊರಟರು, ಎಷ್ಟು ಹೊತ್ತಿಗೆ ಬಂದರು ಅನ್ನುವ ವಿವರ. ಮರಳದಿದ್ದವರ ಮುಂದೆ ಇಳಿದ ಸಮಯದ ಜಾಗ ಖಾಲಿ. ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲಾಲಯದಲ್ಲಿ ಏರ್ 27 ಅನ್ನುವ ಸರಣಿಯಲ್ಲಿ ಇವು ಇವೆ, ಡಿಜಿಟಲ್ ಪ್ರತಿಗಳೂ ಸಿಗುತ್ತವೆ.

ಅಮೆರಿಕದ ಸೇನಾ ವಾಯುಪಡೆಯದ್ದಾದರೆ ನಿಮಗೆ ಬೇಕಾಗಿರುವುದು ಮ್ಯಾಕರ್, ಅಂದರೆ ಕಾಣೆಯಾದ ವಿಮಾನ ಸಿಬ್ಬಂದಿಯ ವರದಿ. 1943ರಿಂದ ಇದನ್ನು ಬರೆಯುವುದು ಕಡ್ಡಾಯವಾಯಿತು. ಇದು ಚಿನ್ನದ ಗಣಿ. ಸಿಬ್ಬಂದಿಯ ಪಟ್ಟಿ, ಕೊನೆಯ ಸಲ ಕಂಡ ಜಾಗ, ನಕ್ಷೆ, ಬೇರೆ ವಿಮಾನದಿಂದ ನೋಡಿದವರ ಹೇಳಿಕೆ, ಜೊತೆಗೆ ಎಂಜಿನ್‌ಗಳ ನಂಬರ್, ಮೆಷಿನ್‌ಗನ್‌ಗಳ ನಂಬರ್ ಕೂಡ. ಎಷ್ಟೋ ವರ್ಷದ ಮೇಲೆ ಕಾಡಿನಲ್ಲಿ ಒಂದು ತುಕ್ಕು ಹಿಡಿದ ಎಂಜಿನ್ ಸಿಕ್ಕರೆ ಅದು ಯಾರ ವಿಮಾನ ಅಂತ ಹೇಳುವುದು ಈ ನಂಬರ್‌ಗಳೇ. ಅಮೆರಿಕದ ರಾಷ್ಟ್ರೀಯ ದಾಖಲಾಲಯದ ಆನ್‌ಲೈನ್ ಸೂಚಿಯಲ್ಲಿ ಉಚಿತವಾಗಿ ನೋಡಬಹುದು. 1943ಕ್ಕಿಂತ ಮೊದಲಿನ ನಷ್ಟಗಳಿಗೆ ಸಾಮಾನ್ಯವಾಗಿ ಮ್ಯಾಕರ್ ಇರುವುದಿಲ್ಲ, ಇಲ್ಲದಿದ್ದರೆ ಗಾಬರಿ ಬೇಡ.

ಪೈಲಟ್ ಒಬ್ಬರನ್ನೇ ಹುಡುಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಏಳು ಜನ, ಬಿ-17ರಲ್ಲಿ ಹತ್ತು ಜನ ಇರುತ್ತಿದ್ದರು. ನಿಮ್ಮವರು ಕಾಣೆಯಾಗಿರಬಹುದು, ಆದರೆ ಹಿಂಬದಿಯ ಗನ್ನರ್ ಪ್ಯಾರಾಚೂಟ್‌ನಲ್ಲಿ ಇಳಿದು ಸೆರೆ ಸಿಕ್ಕಿ, ಯುದ್ಧ ಮುಗಿದ ಮೇಲೆ ಏನಾಯಿತು ಅಂತ ಬರೆದುಕೊಟ್ಟಿರಬಹುದು. ಮ್ಯಾಕರ್‌ಗಳ ಹಿಂದೆ ಇಂಥ ಪ್ರಶ್ನಾವಳಿಗಳನ್ನು ಎಷ್ಟೋ ಕಡೆ ಲಗತ್ತಿಸಿದ್ದಾರೆ. ಬ್ರಿಟಿಷ್ ಕೈದಿಗಳು ತುಂಬಿದ ಪ್ರಶ್ನಾವಳಿಗಳು ಡಬ್ಲ್ಯುಒ 344 ಅನ್ನುವ ಸರಣಿಯಲ್ಲಿವೆ. ಹಾಗಾಗಿ ಇಡೀ ಸಿಬ್ಬಂದಿಯ ಹೆಸರು ಬರೆದುಕೊಂಡು ಒಬ್ಬೊಬ್ಬರ ಗತಿ ಏನಾಯಿತು ಅಂತ ನೋಡಿ. ಆರು ಜನಕ್ಕೆ ಒಂದೇ ಸ್ಮಶಾನದಲ್ಲಿ ಸಮಾಧಿ ಇದ್ದು ಏಳನೆಯವರು ಮಾತ್ರ ಕಾಣೆ ಅಂತಾದರೆ ಹುಡುಕಬೇಕಾದ ಜಾಗ ಆಗಲೇ ಸಾಕಷ್ಟು ಕಿರಿದಾಯಿತು.

ಒಆರ್‌ಬಿ ಬರೆದವರು ಕೆಲಸದ ಒತ್ತಡದಲ್ಲಿದ್ದ ಗುಮಾಸ್ತರು. ಹೆಸರಿನ ಕಾಗುಣಿತ ತಪ್ಪಿರುತ್ತದೆ, ಸೀರಿಯಲ್ ನಂಬರ್‌ನ ಒಂದು ಅಂಕಿ ಅದಲುಬದಲಾಗಿರುತ್ತದೆ. ಅದನ್ನು ದೇವರ ವಾಕ್ಯ ಅಂತ ತಿಳಿಯಬೇಡಿ.

4. ವ್ಯಕ್ತಿಯ ಫೈಲ್ ತರಿಸಿ

ಸ್ಕ್ವಾಡ್ರನ್ ದಾಖಲೆ ಆ ದಿನದ ಕಥೆ ಹೇಳುತ್ತದೆ. ಆಮೇಲಿನ ವಿಚಾರಣೆ ಇರುವುದು ವ್ಯಕ್ತಿಯ ಫೈಲ್‌ನಲ್ಲಿ. ಆಸ್ಟ್ರೇಲಿಯಾದ ವಾಯುಪಡೆಯ ಸಾವುನೋವು ಫೈಲ್‌ಗಳು ಎ705 ಸರಣಿಯಲ್ಲಿವೆ, ಎಷ್ಟೋ ಫೈಲ್‌ಗಳನ್ನು ಅಲ್ಲಿನ ದಾಖಲಾಲಯದ ವೆಬ್‌ಸೈಟ್‌ನಲ್ಲಿ ಪುಟಪುಟವಾಗಿ ನೋಡಬಹುದು. ಕೆನಡಾದಲ್ಲಿ ಎರಡನೇ ಮಹಾಯುದ್ಧದಲ್ಲಿ ಸತ್ತವರ ಸೇವಾ ಫೈಲ್‌ಗಳು ತೆರೆದಿವೆ. ಬ್ರಿಟನ್ನಿನಲ್ಲಿ ಏರ್ 81 ಸರಣಿ, ಹಂತ ಹಂತವಾಗಿ ಬಿಡುಗಡೆ ಆಗುತ್ತಿದೆ. ಮೊದಲ ಹಂತದಲ್ಲಿ ಬರೆದುಕೊಂಡ ಪಿ4 ನಂಬರ್ ಬೇಕಾಗುವುದು ಇಲ್ಲೇ. ಅಮೆರಿಕದ್ದಕ್ಕೆ ಐಡಿಪಿಎಫ್, ಅಂದರೆ ಸತ್ತ ಸಿಬ್ಬಂದಿಯ ವೈಯಕ್ತಿಕ ಫೈಲ್. ದೇಹ ಹುಡುಕಿದ್ದು, ಸಿಕ್ಕ ಎಲುಬುಗಳ ವಿವರ, ಹಲ್ಲಿನ ಚಾರ್ಟ್, ಮನೆಯವರಿಗೆ ಬರೆದ ಪತ್ರ ಎಲ್ಲ ಇದರಲ್ಲಿ ಇರುತ್ತದೆ. ಓದಲು ಗಟ್ಟಿ ಮನಸ್ಸು ಬೇಕು. ಮನೆಯ ಹಿರಿಯರ ಕೈಗೆ ನೇರವಾಗಿ ಕೊಡುವ ಮುಂಚೆ ನೀವು ಒಮ್ಮೆ ಓದಿ.

ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆ ಕಾಣೆಯಾದವರಿಗಾಗಿಯೇ ಒಂದು ತಂಡ ಕಟ್ಟಿತ್ತು. ಅವರು ಯುರೋಪಿನ ಊರೂರು ಸುತ್ತಿ ಪಾದ್ರಿಗಳು, ಊರಿನ ಅಧಿಕಾರಿಗಳು, ಗುಂಡಿ ತೋಡುವವರನ್ನೆಲ್ಲ ಮಾತಾಡಿಸಿದರು, ಸಮಾಧಿ ತೆರೆದು ನೋಡಿದರು. ಕಾಲರ್ ಮೇಲಿನ ಧೋಬಿ ಗುರುತು, ಬೂಟಿನ ಸೈಜು, ಉಂಗುರ, ಇಂಥದ್ದರಿಂದಲೇ ಎಷ್ಟೋ ಜನರ ಗುರುತು ಹಿಡಿದರು. ಅವರ ವರದಿ ಫೈಲ್‌ನಲ್ಲಿ ಇದ್ದರೆ ನಿಮ್ಮ ಅರ್ಧ ಕೆಲಸ ಆಗಿಹೋಗಿದೆ.

ಭಾರತದ ಯುದ್ಧಗಳ ವಿಷಯಕ್ಕೆ ಬಂದರೆ ದಾರಿ ಇಷ್ಟು ಸಲೀಸಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಬಹುದು. ಕಾಯ್ದೆಯ ಸೆಕ್ಷನ್ 8(3)ರ ಪ್ರಕಾರ 20 ವರ್ಷಕ್ಕಿಂತ ಹಳೆಯ ಘಟನೆಗಳಿಗೆ ಎಷ್ಟೋ ವಿನಾಯಿತಿ ಅನ್ವಯ ಆಗುವುದಿಲ್ಲ, ಆದರೆ ದೇಶದ ಭದ್ರತೆಯ ವಿನಾಯಿತಿ ಹಾಗೇ ಉಳಿಯುತ್ತದೆ. ಹಾಗಾಗಿ "ಎಲ್ಲ ದಾಖಲೆ ಕೊಡಿ" ಅಂತ ಬರೆಯಬೇಡಿ. ಇಂಥ ದಿನ, ಇಂಥ ಸ್ಕ್ವಾಡ್ರನ್, ಇಂಥ ವಿಮಾನ, ಇಂಥ ಕಾಗದ ಅಂತ ಚಿಕ್ಕದಾಗಿ, ಚೊಕ್ಕವಾಗಿ ಕೇಳಿ.

5. ಎದುರಾಳಿಯ ಕಾಗದ ಹುಡುಕಿ

ಭಾಷೆ ಬರುವುದಿಲ್ಲ ಅನ್ನುವ ಅಳುಕಿಗೇ ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಆದರೆ ಬೇಕಾಗಿರುವುದು ದಿನಾಂಕ, ಸಮಯ, ಊರಿನ ಹೆಸರು, ವಿಮಾನದ ಮಾದರಿ ಇಷ್ಟೇ. ಅಷ್ಟನ್ನು ಯಾವ ಭಾಷೆಯಲ್ಲಾದರೂ ಗುರುತಿಸಬಹುದು.

ಜರ್ಮನ್ನರು ತಮ್ಮ ಹಿಡಿತದ ನೆಲದಲ್ಲಿ ಶತ್ರು ವಿಮಾನ ಬಿದ್ದರೆ ವರದಿ ಬರೆಯುತ್ತಿದ್ದರು. ಎಲ್ಲಿ ಬಿತ್ತು, ಎಷ್ಟು ಹೆಣ ಸಿಕ್ಕವು, ಎಷ್ಟು ಜನ ಸೆರೆ, ಯಾವ ಸ್ಮಶಾನದಲ್ಲಿ ಯಾವ ಸಾಲಿನಲ್ಲಿ ಹೂತರು ಅಂತೆಲ್ಲ. ಅಮೆರಿಕನ್ ವಿಮಾನಗಳ ಮೇಲಿನ ಇಂಥ ವರದಿಗಳಿಗೆ ಕೆಯು ಅನ್ನುವ ಗುರುತು ಇದೆ. ಯುದ್ಧದ ಕೊನೆಗೆ ವಶಪಡಿಸಿಕೊಂಡ ಈ ಕಾಗದಗಳು ಅಮೆರಿಕದ ದಾಖಲಾಲಯದಲ್ಲೇ ಇವೆ, ಎಷ್ಟೋ ಸಲ ಮ್ಯಾಕರ್ ಜೊತೆಗೇ ಸಿಗುತ್ತವೆ. ಜರ್ಮನ್ ಫೈಟರ್ ಪೈಲಟ್‌ಗಳು ಸಲ್ಲಿಸಿದ ಗೆಲುವಿನ ದಾವೆಗಳೂ ಕೆಲಸಕ್ಕೆ ಬರುತ್ತವೆ. ಇಷ್ಟು ಗಂಟೆಗೆ, ಈ ಚೌಕದಲ್ಲಿ, ಈ ಎತ್ತರದಲ್ಲಿ ಒಂದು ಬಾಂಬರ್ ಉರುಳಿಸಿದೆ ಅಂತ ಅವರು ಬರೆದಿರುತ್ತಾರೆ. ಆದರೆ ಪೈಲಟ್‌ಗಳ ದಾವೆಯನ್ನು ಪೂರ್ತಿ ನಂಬಬೇಡಿ, ಯಾವ ದೇಶದವರದ್ದೇ ಆಗಲಿ. ಒಂದೇ ವಿಮಾನಕ್ಕೆ ಇಬ್ಬರು ಗುಂಡು ಹೊಡೆದು ಇಬ್ಬರೂ ತಮ್ಮದೇ ಅಂತ ಬರೆದಿರುವುದು ಮಾಮೂಲು.

ಕಾಣೆಯಾದವರೇ ಜರ್ಮನ್ ಪೈಲಟ್ ಆಗಿದ್ದರೆ ಜರ್ಮನ್ ಯುದ್ಧ ಸಮಾಧಿ ಸಂಸ್ಥೆ ಫೋಲ್ಕ್ಸ್‌ಬುಂಡ್‌ನ ಪಟ್ಟಿ ನೋಡಿ. ಸೈನಿಕರ ಬಗ್ಗೆ ಮಾಹಿತಿ ಕೊಡುತ್ತಿದ್ದ ಬರ್ಲಿನ್ನಿನ ಹಳೆಯ ಕಚೇರಿ 2019ರಿಂದ ಜರ್ಮನ್ ಸಂಯುಕ್ತ ದಾಖಲಾಲಯದ ಭಾಗವಾಗಿದೆ, ಅರ್ಜಿ ಅಲ್ಲಿಗೇ ಹಾಕಬೇಕು. ಜಪಾನಿನ ಸೇನಾ ಕಾಗದಗಳಿಗೆ ಜಕಾರ್ ಅನ್ನುವ ಡಿಜಿಟಲ್ ದಾಖಲಾಲಯ ಇದೆ, ಉಚಿತ. ಕೊರಿಯಾ, ವಿಯೆಟ್ನಾಂ ಯುದ್ಧಗಳ ಬಗ್ಗೆ ಸೋವಿಯತ್ ಕಡೆ ಇದ್ದ ಮಾಹಿತಿ ಹುಡುಕಲು 1992ರಲ್ಲಿ ಅಮೆರಿಕ ಮತ್ತು ರಷ್ಯಾ ಸೇರಿ ಒಂದು ಜಂಟಿ ಆಯೋಗವನ್ನೇ ಮಾಡಿದ್ದವು.

ಕಾಗದ ಇಲ್ಲದ ಕಡೆ ಊರಿನ ನೆನಪು ಇರುತ್ತದೆ. ವಿಯೆಟ್ನಾಂ, ಲಾವೋಸ್‌ಗಳಲ್ಲಿ ವಿಮಾನ ಬಿದ್ದ ಎಷ್ಟೋ ಜಾಗಗಳನ್ನು ತೋರಿಸಿದ್ದು ಹಳ್ಳಿಯವರೇ. ಸಾಕ್ಷಿಯ ಹತ್ತಿರ ಮಾತಾಡುವಾಗ "ಅದು ಫ್ಯಾಂಟಮ್ ವಿಮಾನ ತಾನೇ?" ಅಂತ ಉತ್ತರವನ್ನು ಬಾಯಿಗಿಟ್ಟು ಕೇಳಬೇಡಿ. ಯಾವ ಬೆಳೆಯ ಕಾಲ, ಹಗಲೋ ರಾತ್ರಿಯೋ, ಎಷ್ಟು ಎಂಜಿನ್, ಪ್ಯಾರಾಚೂಟ್ ಕಂಡಿತಾ, ಹೀಗೆ ಕೇಳಿ. ಮೊದಲು ಸುಮ್ನೆ ಕೇಳಿಸಿಕೊಳ್ಳುವುದು ಇನ್ನೂ ಒಳ್ಳೆಯದು.

6. ಸಮಯ ಮತ್ತು ನಕ್ಷೆ ಹೊಂದಿಸಿ

ಈಗ ನಿಮ್ಮ ಕೈಯಲ್ಲಿ ಎರಡೂ ಕಡೆಯ ಕಾಗದ ಇದೆ ಅಂದುಕೊಳ್ಳಿ. ಎರಡೂ ಹೊಂದುತ್ತಿಲ್ಲ! ಬೇಸರ ಬೇಡ, ಗಡಿಯಾರ ನೋಡಿ. ಒಂದು ಕಡೆ ಗ್ರೀನ್‌ವಿಚ್ ಸಮಯ, ಇನ್ನೊಂದು ಕಡೆ ಸ್ಥಳೀಯ ಸಮಯ ಇರಬಹುದು. ಯುದ್ಧಕಾಲದ ಬ್ರಿಟನ್ ಬೇಸಿಗೆಯಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದಕ್ಕೆ ಇಟ್ಟಿತ್ತು. ಜಪಾನಿನ ಸೇನೆ ಎಲ್ಲಿದ್ದರೂ ಟೋಕಿಯೋ ಸಮಯದಲ್ಲೇ ಬರೆಯುತ್ತಿತ್ತು. ಪೆಸಿಫಿಕ್ ಸಾಗರದಲ್ಲಿ ದಿನರೇಖೆ ದಾಟಿದರೆ ತಾರೀಕೇ ಒಂದು ದಿನ ಆಚೀಚೆ. ಎಲ್ಲವನ್ನೂ ಒಂದೇ ಸಮಯಕ್ಕೆ ಬದಲಾಯಿಸಿ ಒಂದು ಪಟ್ಟಿ ಮಾಡಿಕೊಳ್ಳಿ, ಎಷ್ಟೋ ಗೊಂದಲ ಅಲ್ಲೇ ಕರಗುತ್ತದೆ.

ನಕ್ಷೆಯಲ್ಲೂ ಇದೇ ತೊಂದರೆ. ಹಳೆಯ ಸೇನಾ ನಕ್ಷೆಗಳ ಚೌಕಗಳು ಈಗಿನ ಜಿಪಿಎಸ್ ಲೆಕ್ಕಕ್ಕೆ ನೇರವಾಗಿ ಹೊಂದುವುದಿಲ್ಲ. ವಿಯೆಟ್ನಾಂ ಯುದ್ಧದ ಅಮೆರಿಕನ್ ನಕ್ಷೆಗಳು ಇಂಡಿಯನ್ 1960 ಅನ್ನುವ ಅಳತೆಯ ಆಧಾರದ ಮೇಲಿವೆ. ಆ ಅಂಕಿಗಳನ್ನು ಹಾಗೇ ಫೋನಿಗೆ ಹಾಕಿದರೆ ನೂರಾರು ಮೀಟರ್ ಆಚೆ ಬೆಟ್ಟದ ಇನ್ನೊಂದು ಬದಿಗೆ ಹೋಗಿ ನಿಲ್ಲುತ್ತೀರಿ. ಆಧಾರ ಬದಲಾಯಿಸುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದನ್ನು ಬಳಸಿ. ಊರಿನ ಹೆಸರು ಬದಲಾಗಿರಬಹುದು, ನದಿ ಕೂಡ ಪಾತ್ರ ಬದಲಿಸಿರಬಹುದು.

"ಸಮುದ್ರಕ್ಕೆ ಬಿದ್ದಿರಬೇಕು" ಅಂತ ಫೈಲ್‌ನಲ್ಲಿ ಬರೆದಿದ್ದರೆ ಅದು ಊಹೆ ಅಂತಲೇ ಓದಿ. 1943ರ ಏಪ್ರಿಲ್ 4ರಂದು ಇಟಲಿಯ ನೇಪಲ್ಸ್ ಮೇಲಿನ ದಾಳಿಗೆ ಹೋಗಿ ಲಿಬಿಯಾದ ನೆಲೆಗೆ ಮರಳುತ್ತಿದ್ದ ಅಮೆರಿಕದ ಒಂದು ಬಿ-24 ಬಾಂಬರ್ ಹೀಗೇ ಕಾಣೆಯಾಯಿತು. ಮೆಡಿಟರೇನಿಯನ್‌ನಲ್ಲಿ ಮುಳುಗಿತು ಅಂದುಕೊಂಡರು. 1958ರಲ್ಲಿ ತೈಲ ಹುಡುಕುವವರಿಗೆ ಅದು ಕಂಡಿದ್ದು ಲಿಬಿಯಾದ ಮರುಭೂಮಿಯಲ್ಲಿ, ಕರಾವಳಿಯಿಂದ ನೂರಾರು ಕಿಲೋಮೀಟರ್ ಒಳಗೆ. ರಾತ್ರಿ ನೆಲೆ ದಾಟಿ ಮುಂದೆ ಹೋಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಒಂಬತ್ತು ಜನರಲ್ಲಿ ಎಂಟು ಜನರ ಅವಶೇಷ 1960ರಲ್ಲಿ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ಮರುಭೂಮಿಯಲ್ಲಿ ಬಹಳ ದೂರ ನಡೆದುಹೋಗಿದ್ದರು.

7. ಜಾಗ ಸಿಕ್ಕರೆ ಮುಟ್ಟಬೇಡಿ

ಹೌದು, ಕುತೂಹಲ ತಡೆಯಲು ಆಗುವುದಿಲ್ಲ. ಆದರೂ ಮುಟ್ಟಬೇಡಿ. ಮೊದಲ ಕಾರಣ ಜೀವ. ಬಾಂಬು, ಗುಂಡು, ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಸೀಟಿನ ಮದ್ದು ದಶಕಗಳ ನಂತರವೂ ಸಿಡಿಯಬಹುದು. ಎರಡನೆಯದು ಕಾನೂನು. ಬ್ರಿಟನ್ನಿನಲ್ಲಿ 1986ರ ಸೇನಾ ಅವಶೇಷ ರಕ್ಷಣಾ ಕಾಯ್ದೆಯ ಪ್ರಕಾರ ಬಿದ್ದ ಪ್ರತಿ ಸೇನಾ ವಿಮಾನಕ್ಕೂ ತಾನಾಗಿಯೇ ರಕ್ಷಣೆ ಇದೆ, ಲೈಸೆನ್ಸ್ ಇಲ್ಲದೆ ಅಗೆಯುವುದು ಅಪರಾಧ. ಮುಳುಗಿದ ಸೇನಾ ವಿಮಾನಗಳಿಗೆ ಅಮೆರಿಕ 2004ರಲ್ಲಿ ಇಂಥದ್ದೇ ಕಾಯ್ದೆ ಮಾಡಿದೆ. ಮೂರನೆಯದು ನಿಮ್ಮದೇ ಹುಡುಕಾಟಕ್ಕೆ ಆಗುವ ಪೆಟ್ಟು. ಸೀಟಿನ ಬೆಲ್ಟಿನ ಕೊಂಡಿ ಹಾಕಿತ್ತೋ ಬಿಚ್ಚಿತ್ತೋ, ಮೇಲಿನ ಗಾಜಿನ ಮುಚ್ಚಳ ಎಲ್ಲಿ ಬಿದ್ದಿತ್ತು, ಪ್ಯಾರಾಚೂಟಿನ ಲೋಹದ ಭಾಗ ಎಲ್ಲಿ ಸಿಕ್ಕಿತು, ಇದನ್ನೆಲ್ಲ ನೋಡಿ ವಿಮಾನ ನೆಲಕ್ಕೆ ಬಡಿದಾಗ ಪೈಲಟ್ ಒಳಗಿದ್ದರಾ ಅಂತ ಹೇಳುವ ಪರಿಣತರಿದ್ದಾರೆ. ಒಂದು ಕೊಂಡಿಯನ್ನು ನೆನಪಿಗೆ ಅಂತ ಜೇಬಿಗೆ ಹಾಕಿಕೊಂಡರೆ ಆ ಉತ್ತರ ಹೋಯಿತು.

ಮಾಡಬೇಕಾದ್ದು ಇಷ್ಟು. ದೂರದಿಂದ ಮತ್ತು ಹತ್ತಿರದಿಂದ ಫೋಟೋ ತೆಗೆಯಿರಿ, ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ಪೆನ್ನು ಇಡಿ. ಜಿಪಿಎಸ್ ಗುರುತು ಹಾಕಿ. ನಂಬರ್ ಕೆತ್ತಿದ ತಗಡು ಕಂಡರೆ ಇದ್ದಲ್ಲೇ ಫೋಟೋ ತೆಗೆಯಿರಿ. ಆದರೆ ಬಿಡಿಭಾಗದ ನಂಬರ್ ಬೇರೆ, ವಿಮಾನದ ಸೀರಿಯಲ್ ನಂಬರ್ ಬೇರೆ ಅನ್ನುವುದು ನೆನಪಿರಲಿ. ಒಂದೇ ಬಿಡಿಭಾಗದ ನಂಬರ್ ಆ ಮಾದರಿಯ ಸಾವಿರಾರು ವಿಮಾನಗಳಲ್ಲಿ ಇರುತ್ತದೆ. ಎಲುಬಿನಂಥದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ ಪೊಲೀಸರಿಗೆ ತಿಳಿಸಿ, ಆಮೇಲೆ ಆ ವಿಮಾನದ ದೇಶದ ರಾಯಭಾರ ಕಚೇರಿಗೆ. ಜಾಗದ ಗುರುತನ್ನು ಫೇಸ್‌ಬುಕ್‌ಗೆ ಹಾಕಬೇಡಿ, ಗುಜರಿಯವರು ನಿಮಗಿಂತ ಬೇಗ ತಲುಪುತ್ತಾರೆ.

ವಿಮಾನ ಸಿಕ್ಕ ಮಾತ್ರಕ್ಕೆ ಮನುಷ್ಯ ಸಿಕ್ಕ ಹಾಗಲ್ಲ. ಬ್ರಿಟಿಷ್ ವಾಯುಪಡೆಯ ಡೆನಿಸ್ ಕಾಪಿಂಗ್ 1942ರ ಜೂನ್ 28ರಂದು ಈಜಿಪ್ಟಿನಲ್ಲಿ ಕಾಣೆಯಾದರು. 2012ರಲ್ಲಿ ಅವರ ಕಿಟ್ಟಿಹಾಕ್ ಫೈಟರ್ ಸಹಾರಾದ ಮರಳಿನಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿತು. ಅವರು ಬದುಕಿ ಇಳಿದು ನಡೆದುಹೋಗಿರಬೇಕು ಅನ್ನಲು ಕುರುಹುಗಳಿದ್ದವು.

8. ಡಿಎನ್‌ಎ ಮಾದರಿ ಈಗಲೇ ಕೊಡಿ

ಅವಶೇಷ ಸಿಕ್ಕ ಮೇಲೆ ಕೊಡೋಣ ಅಂತ ಕಾಯಬೇಡಿ, ಅಷ್ಟರಲ್ಲಿ ಕೊಡಬೇಕಾದವರೇ ಇಲ್ಲದಿರಬಹುದು. ಅಮೆರಿಕದವರಾದರೆ ಆಯಾ ಪಡೆಯ ಸಾವುನೋವು ಕಚೇರಿಗೆ ಬರೆದರೆ ಉಚಿತವಾಗಿ ಕಿಟ್ ಕಳಿಸುತ್ತಾರೆ, ಕೆನ್ನೆಯ ಒಳಭಾಗ ಉಜ್ಜಿ ಕಳಿಸಿದರೆ ಆಯಿತು.

ಯಾರು ಕೊಡಬೇಕು ಅನ್ನುವುದರಲ್ಲೇ ಎಲ್ಲರಿಗೂ ಗೊಂದಲ. ಹಳೆಯ ಎಲುಬಿನಿಂದ ಸುಲಭವಾಗಿ ಸಿಗುವುದು ಮೈಟೋಕಾಂಡ್ರಿಯದ ಡಿಎನ್‌ಎ. ಇದು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಮುಂದೆ ದಾಟಿಸುವುದು ಹೆಣ್ಣುಮಕ್ಕಳು ಮಾತ್ರ. ಹಾಗಾಗಿ ಪೈಲಟ್‌ನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅಕ್ಕತಂಗಿಯರ ಮಕ್ಕಳು, ತಾಯಿಯ ಒಡಹುಟ್ಟಿದ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ಕೊಡಬಹುದು. ಪೈಲಟ್‌ನ ಸ್ವಂತ ಮಕ್ಕಳದ್ದು ಇದಕ್ಕೆ ಬರುವುದಿಲ್ಲ! ಅಣ್ಣನ ಮಕ್ಕಳದ್ದೂ ಬರುವುದಿಲ್ಲ. ಆದರೆ ಗಂಡು ಸಾಲಿನ ವೈ ಡಿಎನ್‌ಎಗೆ ಪೈಲಟ್‌ನ ಮಗ, ಅಣ್ಣತಮ್ಮಂದಿರು ಮತ್ತು ಅವರ ಗಂಡುಮಕ್ಕಳು, ತಂದೆಯ ಕಡೆ ದೊಡ್ಡಪ್ಪ ಚಿಕ್ಕಪ್ಪಂದಿರ ಗಂಡುಮಕ್ಕಳು ಆಗುತ್ತಾರೆ. ವಂಶವೃಕ್ಷ ಬರೆದು ಕಳಿಸಿ, ಯಾರದ್ದು ಬೇಕು ಅಂತ ಅವರೇ ಹೇಳುತ್ತಾರೆ.

ಇದರ ಶಕ್ತಿ ಏನು ಅಂತ ತಿಳಿಯಲು ಅಮೆರಿಕನ್ ಪೈಲಟ್ ಮೈಕಲ್ ಬ್ಲಾಸಿ ಅವರ ಪ್ರಕರಣ ನೋಡಿ. 1972ರ ಮೇ 11ರಂದು ವಿಯೆಟ್ನಾಂನಲ್ಲಿ ಅವರ ವಿಮಾನ ಬಿತ್ತು. ಕೆಲವು ಎಲುಬು ಮತ್ತು ಗುರುತಿನ ಚೀಟಿ ಸಿಕ್ಕಿದ್ದವು, ಚೀಟಿ ಕಳೆದುಹೋಯಿತು. ಎಲುಬುಗಳನ್ನು 1984ರಲ್ಲಿ ಅಮೆರಿಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಅಜ್ಞಾತ ಯೋಧನಾಗಿ ಗೌರವದಿಂದ ಹೂತರು. 1998ರಲ್ಲಿ ಮತ್ತೆ ತೆಗೆದು ಡಿಎನ್‌ಎ ನೋಡಿದಾಗ ಅದು ಬ್ಲಾಸಿ ಅಂತ ಖಚಿತವಾಯಿತು.

9. ವದಂತಿ ಮತ್ತು ಮೋಸ

"ಬದುಕಿದ್ದಾರೆ, ಜೈಲಿನಲ್ಲಿ ನೋಡಿದೆ" ಅನ್ನುವ ಸುದ್ದಿ ಬಂದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಮೂರು ಜನ ಅಮೆರಿಕನ್ ಪೈಲಟ್‌ಗಳು ಇನ್ನೂ ಸೆರೆಯಲ್ಲಿದ್ದಾರೆ ಅಂತ 1991ರಲ್ಲಿ ಒಂದು ಫೋಟೋ ಜಗತ್ತೆಲ್ಲ ಸುತ್ತಿತು. ಅದು ಒಂದು ಸೋವಿಯತ್ ಪತ್ರಿಕೆಯಲ್ಲಿ ಬಂದಿದ್ದ ಹಳೆಯ ಚಿತ್ರವನ್ನು ತಿದ್ದಿದ್ದು ಅಂತ ಆಮೇಲೆ ತಿಳಿಯಿತು. ವಿಯೆಟ್ನಾಂನ ಅಂಗಡಿಗಳಲ್ಲಿ ಮಾರುವ ಸೈನಿಕರ ಕೊರಳ ಬಿಲ್ಲೆಗಳನ್ನು ನಂಬಿ ದುಡ್ಡು ಕಳೆದುಕೊಳ್ಳಬೇಡಿ, ಹೆಚ್ಚಿನವು ನಕಲಿ. ಎಲುಬು ಕೊಡುತ್ತೇವೆ, ಇಷ್ಟು ಹಣ ಕೊಡಿ ಅಂದರೆ ಮಾತು ಮುಂದುವರಿಸದೆ ಅಧಿಕಾರಿಗಳಿಗೆ ತಿಳಿಸಿ.

ಎಲ್ಲ ಸುದ್ದಿಯೂ ಸುಳ್ಳು ಅಂತ ನಾನು ಹೇಳುತ್ತಿಲ್ಲ. 1971ರ ಯುದ್ಧದಲ್ಲಿ ಕಾಣೆಯಾದ ಭಾರತದ 54 ಮಂದಿಯ ಪಟ್ಟಿಯಲ್ಲಿ ವಾಯುಪಡೆಯ ಪೈಲಟ್‌ಗಳೂ ಇದ್ದಾರೆ. ಅವರು ತನ್ನ ಸೆರೆಯಲ್ಲಿದ್ದಾರೆ ಅನ್ನುವುದನ್ನು ಪಾಕಿಸ್ತಾನ ಒಪ್ಪಿಲ್ಲ. 2007ರಲ್ಲಿ ಕುಟುಂಬದವರ ತಂಡವೊಂದು ಅಲ್ಲಿನ ಜೈಲುಗಳನ್ನು ನೋಡಿಬಂದರೂ ಯಾರೂ ಸಿಗಲಿಲ್ಲ. ಇಂಥ ಕಡೆ ಪ್ರತಿ ಸುಳಿವಿಗೂ ಯಾರು ಹೇಳಿದ್ದು, ಯಾವಾಗ ನೋಡಿದ್ದು, ಸ್ವತಃ ನೋಡಿದ್ದಾ ಕೇಳಿದ್ದಾ ಅಂತ ಮೂರು ಕಾಲಂ ಮಾಡಿ ಬರೆದಿಡಿ. ಮೂರನೇ ಕಾಲಂ ತುಂಬುವಾಗಲೇ ಅರ್ಧಕ್ಕರ್ಧ ಸುಳಿವು ಉದುರಿಹೋಗುತ್ತವೆ.

10. ಸರಿಯಾದ ಬಾಗಿಲು ತಟ್ಟಿ

ಅಮೆರಿಕದಲ್ಲಿ ಡಿಪಿಎಎ ಅನ್ನುವ ಸಂಸ್ಥೆ ಕಾಣೆಯಾದವರನ್ನು ತಾನೇ ಹೋಗಿ ಹುಡುಕುತ್ತದೆ. ಬ್ರಿಟನ್ನಿನ ರಕ್ಷಣಾ ಸಚಿವಾಲಯ ಹಾಗೆ ಹುಡುಕುವುದಿಲ್ಲ. ಅವಶೇಷ ಸಿಕ್ಕಿದೆ ಅಂತ ತಿಳಿದ ಮೇಲೆ ಗುರುತು ಹಿಡಿಯುವ ಕೆಲಸ ಮಾಡುತ್ತದೆ. ಇದು ಗೊತ್ತಿಲ್ಲದೆ "ನಮ್ಮವರನ್ನು ಹುಡುಕಿಕೊಡಿ" ಅಂತ ಬರೆದು ವರ್ಷಗಟ್ಟಲೆ ಕಾಯುವವರಿದ್ದಾರೆ. ಹೆಸರಿಲ್ಲದ ಒಂದು ಸಮಾಧಿ ನಿಮ್ಮವರದ್ದು ಅನ್ನಲು ಪುರಾವೆ ಇದ್ದರೆ ಯುದ್ಧ ಸಮಾಧಿ ಆಯೋಗಕ್ಕೆ ಅರ್ಜಿ ಸಲ್ಲಿಸಬಹುದು. ಅವರು ಬಯಸುವುದು ಭಾವುಕ ಪತ್ರ ಅಲ್ಲ. ಆ ಸಮಾಧಿ ಬೇರೆ ಯಾರದ್ದೂ ಆಗಿರಲು ಸಾಧ್ಯವಿಲ್ಲ ಅಂತ ತೋರಿಸಬೇಕು. ಅದೇ ಹುದ್ದೆಯ, ಅದೇ ವಾರದಲ್ಲಿ, ಅದೇ ಸುತ್ತಮುತ್ತ ಕಾಣೆಯಾದ ಪ್ರತಿಯೊಬ್ಬರನ್ನೂ ಪಟ್ಟಿ ಮಾಡಿ, ಒಬ್ಬೊಬ್ಬರನ್ನೂ ಯಾಕೆ ಬಿಟ್ಟಿರಿ ಅಂತ ಬರೆಯಿರಿ. ನಾಲ್ಕೈದು ಪುಟ ಸಾಕು, ದಾಖಲೆಗಳ ಪ್ರತಿ ಕೊನೆಯಲ್ಲಿ ಲಗತ್ತಿಸಿ, ಪ್ರತಿ ಮಾತಿನ ಪಕ್ಕ ಅದು ಯಾವ ಕಾಗದದ ಯಾವ ಪುಟದಲ್ಲಿದೆ ಅಂತ ಹಾಕಿ. ಮೂಲ ಪತ್ರ, ಫೋಟೋಗಳನ್ನು ಮಾತ್ರ ಯಾರಿಗೂ ಅಂಚೆಯಲ್ಲಿ ಕಳಿಸಬೇಡಿ, ಸ್ಕ್ಯಾನ್ ಕಳಿಸಿ. ಅರ್ಜಿ ತಿರಸ್ಕಾರವಾದರೆ ಕಾರಣ ಬರವಣಿಗೆಯಲ್ಲಿ ಕೇಳಿ ಪಡೆದುಕೊಳ್ಳಿ, ಹೊಸ ಪುರಾವೆ ಸಿಕ್ಕಾಗ ಅದೇ ಕಾರಣದಿಂದ ಶುರು ಮಾಡಿ ಮತ್ತೆ ಅರ್ಜಿ ಹಾಕಬಹುದು.